ಸಿಇಟಿ-6 ಪಾಸಾದ ಚೀನೀ ಸಹೋದ್ಯೋಗಿಗಳ ಇಂಗ್ಲಿಷ್ ಓದನ್ನು ಅಳೆಯುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಕಂಪನಿ ಬೆಂಗಳೂರಿನದು, ಸೋರ್ಸಿಂಗ್ ಆಫೀಸು ಶೆನ್‌ಝೆನ್‌ನಲ್ಲಿ, ಅಲ್ಲಿ 30 ಜನ ಚೀನೀ ಸಹೋದ್ಯೋಗಿಗಳು. ಎಲ್ಲರ ಬಯೋಡೇಟಾದಲ್ಲೂ ‘ಸಿಇಟಿ-6’ ಅಂತ ಇದೆ. ಆದರೂ ಬೆಂಗಳೂರಿನ ಮೇಲ್ ಓದಿ ಫ್ಯಾಕ್ಟರಿಯವರಿಗೆ ಉಲ್ಟಾ ಹೇಳಿಬಿಡುತ್ತಾರೆ. ಇವರಿಗೆ ಓದಿದ್ದು ಎಷ್ಟು ಅರ್ಥವಾಗುತ್ತದೆ ನೋಡಿ ಅಂತ ನಿಮ್ಮ ತಲೆಗೆ ಕಟ್ಟಿದ್ದಾರೆ. ಇಂಟರ್‌ನೆಟ್‌ನಿಂದ ಒಂದು ಐಇಎಲ್‌ಟಿಎಸ್ ಪೇಪರ್ ಇಳಿಸಿಕೊಂಡು ಬರೆಸಿದರೆ ಸಾಕೇ ಎಂದು ಕೇಳಿದ್ದೀರಿ.

ಸಾಕಾಗುವುದಿಲ್ಲ. ಬರೆಸಿದರೆ ಎಲ್ಲರೂ ಚೆನ್ನಾಗಿಯೇ ಅಂಕ ತೆಗೆಯುತ್ತಾರೆ, ಮೇಲ್ ಮಾತ್ರ ಮತ್ತೆ ತಪ್ಪಾಗಿಯೇ ಓದುತ್ತಾರೆ. ನನ್ನ ಸಲಹೆ: ನಿಮ್ಮದೇ ಮೇಲ್ ಮತ್ತು ಸ್ಪೆಕ್ ಶೀಟುಗಳನ್ನು (ಸರಕು ಹೇಗಿರಬೇಕು ಎಂಬ ವಿವರದ ಹಾಳೆ) ಪಠ್ಯವಾಗಿ ಇಟ್ಟುಕೊಳ್ಳಿ, ಪ್ರಶ್ನೆಗಳನ್ನು ಚೀನೀ ಭಾಷೆಯಲ್ಲಿ ಕೇಳಿ, ಉತ್ತರವನ್ನೂ ಚೀನೀ ಭಾಷೆಯಲ್ಲೇ ಬರೆಸಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಸಿಂಗಪುರದ ಒಂದು ಖಾಸಗಿ ಭಾಷಾ ಶಾಲೆಯಲ್ಲಿ ಚೀನಾದಿಂದ ಬಂದ ವಯಸ್ಕರಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಯಾರನ್ನು ಯಾವ ಬ್ಯಾಚಿಗೆ ಹಾಕಬೇಕು ಎಂದು ತಿಳಿಯಲು ಕೊಡುವ ಓದಿನ ಪ್ರಶ್ನೆಪತ್ರಿಕೆ ತಯಾರಿಸುವುದೂ ನಾನೇ.

ಮೊದಲು ಈ ಸಿಇಟಿ ಏನು ಎಂಬುದು. ನಮ್ಮ ಕಡೆ ಎಂಜಿನಿಯರಿಂಗ್ ಸೀಟಿಗೆ ಬರೆಯುವ ಸಿಇಟಿಗೂ ಇದಕ್ಕೂ ಸಂಬಂಧ ಇಲ್ಲ. ಇದು ಚೀನಾದ ಕಾಲೇಜ್ ಇಂಗ್ಲಿಷ್ ಟೆಸ್ಟ್. 4ನೇ ಹಂತ ಶುರುವಾಗಿದ್ದು 1987ರಲ್ಲಿ, 6ನೇ ಹಂತ 1989ರಲ್ಲಿ. ಇಂಗ್ಲಿಷ್ ಮೇಜರ್ ಅಲ್ಲದ ಪದವಿ ವಿದ್ಯಾರ್ಥಿಗಳು ಬರೆಯುವಂಥದ್ದು. ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ. 2005ರಿಂದ ಇದರಲ್ಲಿ ಅಧಿಕೃತವಾಗಿ ಪಾಸು-ಫೇಲು ಅಂತಲೇ ಇಲ್ಲ, 710ಕ್ಕೆ ಇಷ್ಟು ಅಂತ ಅಂಕ ಬರುತ್ತದೆ. 4ನೇ ಹಂತದಲ್ಲಿ 425 ಬಂದರೆ 6ನೇ ಹಂತಕ್ಕೆ ಕೂರಬಹುದು. ಹಾಗಾಗಿ 425 ಅನ್ನುವುದೇ ಜನರ ಬಾಯಲ್ಲಿ ಪಾಸಿನ ಗೆರೆಯಾಗಿಬಿಟ್ಟಿದೆ. ಒಟ್ಟು ಅಂಕದಲ್ಲಿ ಓದಿನ ಪಾಲು ಶೇ 35. ಅಂಕಪಟ್ಟಿಯಲ್ಲಿ ಕೇಳುವಿಕೆ, ಓದು, ಬರವಣಿಗೆ-ಅನುವಾದ ಬೇರೆ ಬೇರೆಯಾಗಿ ಇರುತ್ತವೆ. ಆದ್ದರಿಂದ ‘ಸಿಇಟಿ-6 ಆಗಿದೆ’ ಅನ್ನುವುದನ್ನಷ್ಟೇ ನಂಬಬೇಡಿ, ಓದಿನ ಅಂಕ ಎಷ್ಟು ಮತ್ತು ಯಾವ ವರ್ಷದ್ದು ಕೇಳಿ. ಹನ್ನೆರಡು ವರ್ಷದ ಹಿಂದೆ ಬರೆದು ಆಮೇಲೆ ಇಂಗ್ಲಿಷ್ ಮುಟ್ಟದವರೂ ಆ 30 ಜನರಲ್ಲಿ ಇದ್ದೇ ಇರುತ್ತಾರೆ.

ಈಗ ಆ ಓದಿನ ಭಾಗದ ಒಳಗೆ ಇಣುಕಿ ನೋಡಿ. 40 ನಿಮಿಷ, 30 ಪ್ರಶ್ನೆ. ಮೊದಲನೆಯದು, 15 ಪದಗಳಲ್ಲಿ 10 ಆರಿಸಿ ಖಾಲಿ ಜಾಗಕ್ಕೆ ತುಂಬುವುದು. ಎರಡನೆಯದು, ಒಂದು ಉದ್ದನೆಯ ಲೇಖನ ಕೊಟ್ಟು 10 ವಾಕ್ಯಗಳಲ್ಲಿ ಯಾವುದರ ವಿಷಯ ಯಾವ ಪ್ಯಾರಾದಲ್ಲಿದೆ ಎಂದು ಹುಡುಕಿಸುವುದು. ಕೊನೆಗೆ ಎರಡು ಚಿಕ್ಕ ಪಠ್ಯಗಳು, ಒಂದೊಂದಕ್ಕೂ ಐದು ಬಹುಆಯ್ಕೆಯ ಪ್ರಶ್ನೆ. ಕೆಟ್ಟ ಪರೀಕ್ಷೆಯೇನೂ ಅಲ್ಲ, ಲಕ್ಷಗಟ್ಟಲೆ ಜನ ಬರೆಯುವ ಪರೀಕ್ಷೆಯನ್ನು ಹೀಗಲ್ಲದೆ ಇನ್ನು ಹೇಗೆ ಮಾಡುತ್ತೀರಿ. ಆದರೆ ಇಂಥ ಪತ್ರಿಕೆಗೆ ತಯಾರಾಗುವ ಒಂದು ವಿದ್ಯೆಯೇ ಅಲ್ಲಿ ಬೆಳೆದು ನಿಂತಿದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಒಂದಾದ ಮೇಲೊಂದು ಬಿಡಿಸುತ್ತಾ ಹೋಗುವುದಕ್ಕೆ ‘ಷ್ವಾ-ಥಿ’ ಅನ್ನುತ್ತಾರೆ. ನನ್ನ ಕ್ಲಾಸಿಗೆ ಬರುವವರಲ್ಲಿ ಇದನ್ನು ಮಾಡದವರು ಯಾರೂ ಇಲ್ಲ. ಕೋಚಿಂಗಿನಲ್ಲಿ ಹೇಳಿಕೊಡುವ ಕ್ರಮವೂ ಒಂದೇ: ಪಠ್ಯ ಓದಬೇಡ, ಮೊದಲು ಪ್ರಶ್ನೆ ನೋಡು, ಅದರಲ್ಲಿರುವ ಹೆಸರು, ಇಸವಿ, ಅಂಕಿ ಗುರುತು ಹಾಕಿಕೋ, ಪಠ್ಯದಲ್ಲಿ ಅದು ಎಲ್ಲಿದೆ ಹುಡುಕು, ಆ ಸಾಲಿನ ಮಾತನ್ನೇ ಬೇರೆ ಪದದಲ್ಲಿ ಹೇಳಿದ ಆಯ್ಕೆ ಯಾವುದೋ ಅದೇ ಉತ್ತರ. ಪಠ್ಯದ ಪದಗಳನ್ನೇ ಯಥಾವತ್ತಾಗಿ ಇಟ್ಟ ಆಯ್ಕೆ ಬಲೆ, ಬಿಡು. ‘ಯಾವಾಗಲೂ’, ‘ಮಾತ್ರ’, ‘ಎಲ್ಲ’ ಅಂತ ಇದ್ದರೆ ಅನುಮಾನಪಡು.

ಇದು ಫಲ ಕೊಡುತ್ತದೆ. ಐಇಎಲ್‌ಟಿಎಸ್‌ನಲ್ಲಿ ಚೀನಾದ ಅಭ್ಯರ್ಥಿಗಳ ಸರಾಸರಿ ನೋಡಿ, ಮಾತಿಗಿಂತ ಓದಿನಲ್ಲಿ ಅಂಕ ಮೇಲೇ ಇರುತ್ತದೆ. 60 ನಿಮಿಷದಲ್ಲಿ ಮೂರು ಪಠ್ಯ, 40 ಪ್ರಶ್ನೆ ಮುಗಿಸುವ ಆ ಪೇಪರಿಗೆ ಈ ಹುಡುಕಾಟದ ಕೈಚಳಕ ಹೇಳಿ ಮಾಡಿಸಿದ ಹಾಗಿದೆ. ಇದನ್ನು ಮೋಸ ಅಂತ ನಾನು ಕರೆಯುವುದಿಲ್ಲ. ಬೇಕಾದ್ದನ್ನು ಬೇಗ ಹುಡುಕುವುದೂ ಓದಿನ ಒಂದು ಬಗೆಯೇ. ಆದರೆ ನಿಮ್ಮ ಆಫೀಸಿನ ಮೇಲ್‌ಗೆ ಯಾರೂ ಪ್ರಶ್ನೆ ಅಂಟಿಸಿ ಕಳಿಸುವುದಿಲ್ಲವಲ್ಲ. ಏನು ಹುಡುಕಬೇಕು ಎಂಬುದೇ ಓದುವವನಿಗೆ ಗೊತ್ತಿರುವುದಿಲ್ಲ.

ಒಂದು ಉದಾಹರಣೆ. ಒಬ್ಬ ವಿದ್ಯಾರ್ಥಿ ಮೊದಲು ಖರೀದಿ ವಿಭಾಗದಲ್ಲಿ ಕೆಲಸ ಮಾಡಿದ್ದವನು. ಅವನ ಹಳೆಯ ಕೆಲಸದಲ್ಲಿ ಬರುತ್ತಿದ್ದಂಥ ಸಾಲು ಇದು: ‘ವೀ ವುಡ್ ಹ್ಯಾವ್ ಅಪ್ರೂವ್ಡ್ ದ ಸೆಕೆಂಡ್ ಸ್ಯಾಂಪಲ್ ಹ್ಯಾಡ್ ದ ಕೋಟಿಂಗ್ ಪಾಸ್ಡ್ ದ ಸಾಲ್ಟ್ ಸ್ಪ್ರೇ ಟೆಸ್ಟ್.’ ಇದರಲ್ಲಿ ಒಂದೂ ಕಷ್ಟದ ಪದ ಇಲ್ಲ. ಅಪ್ರೂವ್ಡ್ ಇದೆ, ಸೆಕೆಂಡ್ ಸ್ಯಾಂಪಲ್ ಇದೆ, ಪಾಸ್ಡ್ ಇದೆ. ಹುಡುಕಿ ಓದುವ ಕಣ್ಣಿಗೆ ಬೀಳುವುದು ಈ ಮೂರೇ. ಎರಡನೇ ಸ್ಯಾಂಪಲ್ ಟೆಸ್ಟ್ ಪಾಸಾಯಿತು, ಒಪ್ಪಿಗೆಯೂ ಆಯಿತು ಎಂದುಕೊಂಡು ಫ್ಯಾಕ್ಟರಿಗೆ ಫೋನ್ ಹೋಗುತ್ತದೆ. ನಿಜಕ್ಕೂ ಆ ಸಾಲು ಹೇಳುವುದು ತದ್ವಿರುದ್ಧ: ಲೇಪನ ಪರೀಕ್ಷೆಯಲ್ಲಿ ಬಿತ್ತು, ಸ್ಯಾಂಪಲ್ ಒಪ್ಪಿಲ್ಲ. ‘ಇಫ್’ ಇದ್ದಿದ್ದರೆ ಬಹಳ ಮಂದಿ ಹಿಡಿಯುತ್ತಿದ್ದರು. ‘ಹ್ಯಾಡ್’ ಮುಂದಕ್ಕೆ ಬಂದು ‘ಇಫ್’ ಮಾಯವಾದಾಗ ಜಾರುತ್ತಾರೆ. ಚೀನೀ ಭಾಷೆಯಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದದ ರೂಪ ಬದಲಾಗುವುದಿಲ್ಲ, ಹೀಗಾಗಿ ‘ವುಡ್ ಹ್ಯಾವ್’ ಹೊತ್ತಿರುವ ಭಾರ ಓದುವಾಗ ತಟ್ಟನೆ ಕಾಣುವುದಿಲ್ಲ.

ಇದನ್ನೇ ಬಹುಆಯ್ಕೆಯಾಗಿ ಕೇಳಿ: ಎರಡನೇ ಸ್ಯಾಂಪಲ್ ಕಥೆ ಏನಾಯಿತು, ಒಪ್ಪಿದರು, ಒಪ್ಪಲಿಲ್ಲ, ಇನ್ನೂ ನೋಡಿಲ್ಲ, ಮೂರನೆಯದು ಕೇಳಿದರು. ಪಠ್ಯದ ಪದವೇ ಇರುವ ಆಯ್ಕೆ ಬಲೆ ಎಂದು ಕಲಿತವನು ‘ಒಪ್ಪಿದರು’ ಅನ್ನುವುದನ್ನು ಮೊದಲೇ ಹೊಡೆದುಹಾಕುತ್ತಾನೆ, ಸರಿಯುತ್ತರಕ್ಕೆ ಗುರುತು ಹಾಕುತ್ತಾನೆ, ವಾಕ್ಯ ಮಾತ್ರ ಅರ್ಥವಾಗಿರುವುದಿಲ್ಲ. ಅದರ ಬದಲು ಚೀನೀ ಭಾಷೆಯಲ್ಲಿ ಹೀಗೆ ಕೇಳಿ: ‘ಈ ಮೇಲ್ ಬಂದಿದೆ. ಈಗ ಫ್ಯಾಕ್ಟರಿಯ ಮ್ಯಾನೇಜರ್‌ಗೆ ನೀವು ಕಳಿಸುವ ವೀಚ್ಯಾಟ್ ಮೆಸೇಜನ್ನು ಎರಡು ಮೂರು ಸಾಲಿನಲ್ಲಿ ಬರೆಯಿರಿ.’ ಸ್ಯಾಂಪಲ್ ಒಪ್ಪಿಲ್ಲ ಎಂಬುದಕ್ಕೆ ಒಂದು ಅಂಕ, ಕಾರಣ ಲೇಪನ ಎಂಬುದಕ್ಕೆ ಒಂದು, ಮುಂದೆ ಯಾವಾಗಿನೊಳಗೆ ಏನು ಮಾಡಬೇಕು ಎಂಬುದಕ್ಕೆ ಒಂದು. ಊಹೆಗೆ ಇಲ್ಲಿ ಜಾಗವೇ ಇಲ್ಲ.

‘ಇಂಗ್ಲಿಷ್ ಪರೀಕ್ಷೆಗೆ ಚೀನೀ ಉತ್ತರವೇ?’ ಎಂದು ನಿಮ್ಮ ಎಚ್‌ಆರ್ ಹುಬ್ಬೇರಿಸುವುದು ಖಂಡಿತ. ಉತ್ತರ ಇಂಗ್ಲಿಷಿನಲ್ಲಿ ಬರೆಸಿದರೆ ನೀವು ಅಳೆಯುವುದು ಬರವಣಿಗೆಯನ್ನು. ಅರ್ಥವಾಗಿದ್ದೂ ಬರೆಯಲು ಬಾರದವನು ಸೋಲುತ್ತಾನೆ. ಅರ್ಥವಾಗದವನು ಪಠ್ಯದ ಸಾಲನ್ನೇ ಎತ್ತಿ ಬರೆದು ಗೆಲ್ಲುತ್ತಾನೆ. ಇಸ್ರೇಲಿನ ಎಲಾನಾ ಶೋಹಮಿ 1984ರಲ್ಲೇ ಇದನ್ನು ಪರೀಕ್ಷಿಸಿದ್ದರು. ಅದೇ ಇಂಗ್ಲಿಷ್ ಪಠ್ಯಕ್ಕೆ ಪ್ರಶ್ನೆಗಳನ್ನು ಮಾತೃಭಾಷೆ ಹೀಬ್ರೂನಲ್ಲಿ ಕೇಳಿದಾಗ ಅಂಕ ಏರಿತು, ಅದರಲ್ಲೂ ಭಾಷೆಯಲ್ಲಿ ಹಿಂದಿದ್ದವರಿಗೆ. ಅಂದರೆ ಪ್ರಶ್ನೆಯ ಇಂಗ್ಲಿಷೇ ಅವರಿಗೆ ಇನ್ನೊಂದು ಗೋಡೆಯಾಗಿತ್ತು. ನಿಮಗೆ ಬೇಕಿರುವುದು ಮೇಲ್ ಅರ್ಥವಾಯಿತೇ ಎಂಬುದು ಮಾತ್ರ, ಆ ಗೋಡೆ ಯಾಕೆ?

ಆದರೆ ಚೀನೀ ಭಾಷೆಯ ಪ್ರಶ್ನೆಯನ್ನು ಯಂತ್ರಾನುವಾದಕ್ಕೆ ಹಾಕಿ ತೆಗೆಯಬೇಡಿ, ಅಲ್ಲಿನವರೇ ಒಬ್ಬರು ಕೂತು ಬರೆಯಲಿ. ಇದಕ್ಕೊಂದು ಪ್ರಸಿದ್ಧ ಕಥೆಯಿದೆ. 1981ರಲ್ಲಿ ಆಲ್‌ಫ್ರೆಡ್ ಬ್ಲೂಮ್ ಎಂಬ ಅಮೆರಿಕದ ವಿದ್ವಾಂಸ, ‘ಹಾಗಾಗಿದ್ದರೆ ಹೀಗಾಗುತ್ತಿತ್ತು’ ಎಂಬ, ನಡೆಯದ ಸಂಗತಿಯ ಯೋಚನೆ ಚೀನೀ ಭಾಷಿಕರಿಗೆ ಕಷ್ಟ, ಯಾಕೆಂದರೆ ಅವರ ಭಾಷೆಯಲ್ಲಿ ಅದಕ್ಕೆಂದೇ ಮೀಸಲಾದ ವ್ಯಾಕರಣರೂಪ ಇಲ್ಲ ಎಂದು ವಾದಿಸಿದ. ಚೀನೀ ಭಾಷೆ ಬಾರದ ಒಬ್ಬ ಯುರೋಪಿಯನ್ ತತ್ತ್ವಜ್ಞಾನಿ, ಅದು ಬಂದಿದ್ದರೆ ಏನೇನು ಮಾಡುತ್ತಿದ್ದ ಎಂಬ ಕಥೆ ಓದಿಸಿ ಪ್ರಶ್ನೆ ಕೇಳಿದ್ದ. ಚೀನೀ ಓದುಗರು ಎಡವಿದ್ದರು. ಎರಡು ವರ್ಷದ ಬಳಿಕ ಟೆರಿ ಔ ಎಂಬಾಕೆ ಅಂಥದ್ದೇ ಕಥೆಗಳನ್ನು ಸಹಜವಾದ ಚೀನೀ ಭಾಷೆಯಲ್ಲಿ ಬರೆದು ಹಾಂಗ್‌ಕಾಂಗ್‌ನಲ್ಲಿ ಓದಿಸಿದರು. ಜನರಿಗೆ ಸಲೀಸಾಗಿ ಅರ್ಥವಾಯಿತು. ತೊಡಕು ಇದ್ದದ್ದು ಬ್ಲೂಮ್ ಕೊಟ್ಟ ಪಠ್ಯದ ಒರಟು ಚೀನೀಯಲ್ಲಿ ಎಂಬುದು ಅವರ ವಾದ. ಚರ್ಚೆ ಆಮೇಲೂ ನಡೆಯಿತು. ಪ್ರಶ್ನೆಪತ್ರಿಕೆ ಮಾಡುವ ನಮ್ಮಂಥವರು ಇಷ್ಟು ನೆನಪಿಟ್ಟುಕೊಂಡರೆ ಸಾಕು: ಮೇಲೆ ಹೇಳಿದ ಸ್ಯಾಂಪಲ್ ಸಾಲಿನಲ್ಲಿ ಎಡವಿದವನಿಗೆ ಆ ಯೋಚನೆಯೇ ಹೊಳೆಯುವುದಿಲ್ಲ ಎಂದಲ್ಲ, ಇಂಗ್ಲಿಷಿನ ಆ ರೂಪ ಅವನ ಕಣ್ಣಿಗೆ ಬಿದ್ದಿಲ್ಲ.

ಇನ್ನೊಂದು ತೊಡಕು ನಮಗೂ ಚೆನ್ನಾಗಿ ಗೊತ್ತಿರುವಂಥದ್ದು. ನಾವು ‘ಮಾರ್ಚ್‌ನಲ್ಲಿ ಭೇಟಿಯಾದ ಸಪ್ಲೈಯರ್’ ಅನ್ನುತ್ತೇವೆ, ವಿವರಣೆ ಮೊದಲು, ಆಸಾಮಿ ಆಮೇಲೆ. ಚೀನೀ ಭಾಷೆಯಲ್ಲೂ ಹಾಗೆಯೇ. ಇಂಗ್ಲಿಷಿನಲ್ಲಿ ಆಸಾಮಿ ಮೊದಲು ಬಂದು, ಅವನ ಹಿಂದೆ ‘ಹೂ’, ‘ವಿಚ್’, ‘ಹೂಸ್’ ಎಂದು ಬಾಲ ಬೆಳೆಯುತ್ತಾ ಹೋಗಿ ಕ್ರಿಯಾಪದ ಎಲ್ಲೋ ದೂರದಲ್ಲಿ ಸಿಗುತ್ತದೆ. ಚೀನಾದ ಕೋಚಿಂಗ್‌ನಲ್ಲಿ ಇಂಥ ಉದ್ದನೆಯ ವಾಕ್ಯಗಳಿಗೆಂದೇ ಪ್ರತ್ಯೇಕ ಕ್ಲಾಸು ನಡೆಯುತ್ತದೆ. ನಿಮ್ಮ ಪತ್ರಿಕೆಯಲ್ಲಿ ಇಂಥ ಮೂರ್ನಾಲ್ಕು ವಾಕ್ಯ ಇರಲಿ, ಪ್ರಶ್ನೆ ಸರಳವಾಗಿರಲಿ: ಯಾರು, ಯಾರಿಗೆ, ಏನು ಮಾಡಬೇಕು?

ಪಠ್ಯ ಆರಿಸುವಾಗ ನಿಮ್ಮ ಕಡೆಯ ಇಂಗ್ಲಿಷನ್ನೂ ಒಮ್ಮೆ ಅನುಮಾನದಿಂದ ನೋಡಿ. ಹಿನ್ನೆಲೆ ಗೊತ್ತಿಲ್ಲದಿದ್ದರೆ ಪದ ಗೊತ್ತಿದ್ದೂ ಅರ್ಥ ಕೆಡುತ್ತದೆ ಎಂದು ತೋರಿಸಿದ ಒಂದು ಪ್ರಯೋಗದಲ್ಲಿ ನಮ್ಮವರೇ ಇದ್ದರು. 1979ರಲ್ಲಿ ಸ್ಟೆಫೆನ್‌ಸನ್, ಜೋಗ್‌ದೇವ್, ಆ್ಯಂಡರ್ಸನ್ ಎಂಬ ಮೂವರು ಒಂದು ಅಮೆರಿಕನ್ ಮದುವೆ, ಒಂದು ಭಾರತೀಯ ಮದುವೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಎರಡು ಪತ್ರಗಳನ್ನು ಎರಡೂ ದೇಶದವರಿಗೆ ಓದಿಸಿದರು. ಮದುಮಗಳು ಅಜ್ಜಿಯ ಮದುವೆಯ ಉಡುಪನ್ನೇ ಉಟ್ಟಳು ಎಂಬ ಸಾಲು ಅಮೆರಿಕದವರಿಗೆ ಅಭಿಮಾನದ ವಿಷಯ. ಭಾರತದ ಓದುಗರೊಬ್ಬರು ‘ಪಾಪ, ಹಳೇ ಫ್ಯಾಷನ್ನಿನ ಬಟ್ಟೆ’ ಎಂದು ತಿಳಿದಿದ್ದರು. ತಮ್ಮ ಕಡೆಯ ಮದುವೆಯ ಪತ್ರವನ್ನು ಇಬ್ಬರೂ ಬೇಗ ಓದಿದರು, ಹೆಚ್ಚು ನೆನಪಿಟ್ಟುಕೊಂಡರು.

ಹಾಗೆಯೇ ಬೆಂಗಳೂರಿನ ಮೇಲ್‌ನಲ್ಲಿ ‘ಡೂ ದ ನೀಡ್‌ಫುಲ್’, ‘ಪ್ರಿಪೋನ್’, ‘ಟೂ ಲ್ಯಾಕ್ ಪೀಸಸ್’ ಅಂತ ಇದ್ದರೆ ಶೆನ್‌ಝೆನ್‌ನವನು ತಲೆ ಕೆರೆದುಕೊಳ್ಳುವುದು ಅವನ ತಪ್ಪಲ್ಲ. ಅವರ ಎಣಿಕೆ 10,000ದ ಗುಂಪಿನಲ್ಲಿ, ಅದಕ್ಕೆ ‘ವಾನ್’ ಎನ್ನುತ್ತಾರೆ. ನಮ್ಮ 1 ಲಕ್ಷ ಅವರಿಗೆ 10 ವಾನ್, 1 ಕೋಟಿ ಅಂದರೆ 1,000 ವಾನ್. ಮಿಲಿಯನ್ ಎಂದರೂ ಅವರು ಮನಸ್ಸಿನಲ್ಲೇ ಗುಣಾಕಾರ ಮಾಡಬೇಕು. ‘ಇಟ್ ವುಡ್ ಬಿ ಗ್ರೇಟ್ ಇಫ್ ವೀ ಕುಡ್ ಹ್ಯಾವ್ ದಿಸ್ ಬೈ ಥರ್ಸ್‌ಡೇ’ ಎಂಬುದು ಆಸೆಯಲ್ಲ, ಗಡುವು ಎಂಬುದನ್ನೂ ಯಾವ ಪಠ್ಯಪುಸ್ತಕವೂ ಹೇಳಿಕೊಟ್ಟಿರುವುದಿಲ್ಲ. ಇಂಥ ಸಾಲು ಒಂದೆರಡು ಪತ್ರಿಕೆಯಲ್ಲಿ ಇರಲಿ, ಆದರೆ ಅದರ ಅಂಕವನ್ನು ಬೇರೆಯಾಗಿ ಇಡಿ. 30ರಲ್ಲಿ 25 ಜನ ಅದರಲ್ಲೇ ಬಿದ್ದರೆ ತರಬೇತಿ ಬೇಕಿರುವುದು ಬೆಂಗಳೂರಿಗೆ.

ಪದಗಳ ಲೆಕ್ಕ: ಯಾರ ಸಹಾಯವೂ ಇಲ್ಲದೆ ಅರ್ಥವಾಗಬೇಕಾದರೆ ಪಠ್ಯದ ಶೇ 98ರಷ್ಟು ಪದ ಗೊತ್ತಿರಬೇಕು ಎಂಬ ಮಾತು ಹೂ ಮತ್ತು ನೇಷನ್ ಎಂಬ ಇಬ್ಬರು ಸಂಶೋಧಕರ 2000ನೇ ಇಸವಿಯ ಅಧ್ಯಯನದಿಂದ ಬಂದದ್ದು. 300 ಪದಗಳ ಮೇಲ್‌ನಲ್ಲಿ ಗೊತ್ತಿಲ್ಲದ್ದು ಆರೇ ಇರಬೇಕು. ಆದ್ದರಿಂದ ಉತ್ತರ ಬರೆಸುವ ಮೊದಲು ಗೊತ್ತಿಲ್ಲದ ಪದಗಳಿಗೆ ಅಡಿಗೆರೆ ಎಳೆಯಲು ಹೇಳಿ. ಅಡಿಗೆರೆ ಇಪ್ಪತ್ತಿದ್ದು ಉತ್ತರ ತಪ್ಪಾದರೆ ಅದು ಪದದ ಸಮಸ್ಯೆ. ಎರಡೇ ಇದ್ದು ತಪ್ಪಾದರೆ ವಾಕ್ಯದ ಸಮಸ್ಯೆ, ಮೇಲಿನ ‘ಹ್ಯಾಡ್’ ಥರದ್ದು. ಮದ್ದು ಎರಡಕ್ಕೂ ಬೇರೆ. ಸಮಯದ್ದೂ ಹಾಗೆ: ಅರ್ಧ ಪತ್ರಿಕೆಗೆ ಗಡಿಯಾರ ಇಡಿ, ಇನ್ನರ್ಧಕ್ಕೆ ಬೇಡ. ಗಡಿಯಾರ ಇಲ್ಲದಾಗ ಚೆನ್ನಾಗಿ ಬರೆದವನು ನಿಧಾನ ಅಷ್ಟೇ, ಅವನಿಗೆ ವ್ಯಾಕರಣದ ಕ್ಲಾಸು ದಂಡ.

ಇನ್ನೂ ಒಂದು ಅನುಮಾನ ಉಳಿಯುತ್ತದೆ. ವಿದೇಶಿ ಭಾಷೆಯ ಓದು ತಪ್ಪಿದರೆ ಅದು ಭಾಷೆಯ ತೊಂದರೆಯೋ ಓದಿನದೇ ತೊಂದರೆಯೋ ಎಂದು ಚಾರ್ಲ್ಸ್ ಆಲ್ಡರ್ಸನ್ 1984ರಲ್ಲಿ ಎತ್ತಿದ ಪ್ರಶ್ನೆ ಈ ಕ್ಷೇತ್ರದಲ್ಲಿ ಇವತ್ತಿಗೂ ಓಡಾಡುತ್ತಿದೆ. ನೀವು ಸುಲಭದಲ್ಲಿ ನೋಡಬಹುದು: ಒಂದು ಸ್ಪೆಕ್ ಶೀಟನ್ನು ಚೀನೀ ಭಾಷೆಯಲ್ಲೇ ಕೊಟ್ಟು ಅದೇ ಬಗೆಯ ಪ್ರಶ್ನೆ ಕೇಳಿ. ಹೊಸದಾಗಿ ಸೇರಿದವನು ಅಲ್ಲೂ ತಪ್ಪಿದರೆ ಅವನಿಗೆ ಕೆಲಸ ಗೊತ್ತಿಲ್ಲ, ಇಂಗ್ಲಿಷನ್ನು ದೂರಿ ಪ್ರಯೋಜನ ಇಲ್ಲ.

ಬಹುಆಯ್ಕೆ ಪ್ರಶ್ನೆ ಬೇಕೇ ಬೇಕು ಅಂತ ಮೇಲಿನವರು ಹಟ ಹಿಡಿದರೆ, ಮೊದಲು ಪಠ್ಯ ಕೊಡದೆ ಬರೀ ಪ್ರಶ್ನೆಗಳನ್ನು ಬೇರೆ ಟೀಮಿನ ನಾಲ್ಕೈದು ಜನರಿಗೆ ಕೊಟ್ಟು ನೋಡಿ. ನಾಲ್ಕು ಆಯ್ಕೆ ಇದ್ದರೆ ಕುರುಡು ಊಹೆಗೆ ಕಾಲು ಭಾಗ ಸರಿ ಬರಬೇಕು. ಹತ್ತಕ್ಕೆ ಆರೇಳು ಬಂದರೆ ನಿಮ್ಮ ಪ್ರಶ್ನೆಯೇ ಉತ್ತರ ಬಿಟ್ಟುಕೊಡುತ್ತಿದೆ. ಖಾಲಿ ಜಾಗ ತುಂಬಿಸುವ ಕ್ಲೋಜ್ ಪರೀಕ್ಷೆಯನ್ನು ನಾನು ಕೊಡುವುದಿಲ್ಲ. ವಿಲ್ಸನ್ ಟೇಲರ್ 1953ರಲ್ಲಿ ತಂದ ಆ ವಿಧಾನ ಅಗ್ಗ, ಬೇಗ ಮುಗಿಯುತ್ತದೆ, ಜನರನ್ನು ಸಾಲಾಗಿ ನಿಲ್ಲಿಸಲು ಸಾಕು. ಆದರೆ ಎಲ್ಲಿ ಎಡವಿದ ಎಂದು ಅದರಿಂದ ತಿಳಿಯುವುದಿಲ್ಲ.

ಅಂಕ ಹಾಕಲು ಇಬ್ಬರು ಬೇಕು, ಇಬ್ಬರೂ ಚೀನೀ ಬಲ್ಲವರು, ಪರೀಕ್ಷೆ ಬರೆದವರ ಬಾಸ್ ಆಗಿರಬಾರದು. ಹೆಸರು ಮುಚ್ಚಿ, ಮೊದಲು ಐದು ಉತ್ತರಪತ್ರಿಕೆ ಇಬ್ಬರೂ ಬೇರೆ ಬೇರೆಯಾಗಿ ನೋಡಿ ತಾಳೆ ಹಾಕಲಿ. ಆಮೇಲೆ ಒಟ್ಟು ಅಂಕದ ಪ್ರಕಾರ ಮೇಲಿನ 10, ಕೆಳಗಿನ 10 ಜನರನ್ನು ಬೇರೆ ಮಾಡಿ ಒಂದೊಂದೇ ಪ್ರಶ್ನೆ ತೆಗೆದುಕೊಳ್ಳಿ. ಮೇಲಿನವರಲ್ಲಿ 9, ಕೆಳಗಿನವರಲ್ಲಿ 3 ಜನ ಸರಿ ಬರೆದಿದ್ದರೆ ಪ್ರಶ್ನೆ ಗಟ್ಟಿ. ಮೇಲೆ 4, ಕೆಳಗೆ 6 ಅಂತ ಬಂದರೆ ಆ ಪ್ರಶ್ನೆಯಲ್ಲೇ ಏನೋ ಐಬಿದೆ, ಅದರ ಅಂಕ ಲೆಕ್ಕಕ್ಕೆ ಸೇರಿಸಬೇಡಿ. 30 ಜನರ ಮಟ್ಟಿಗೆ ಇದಕ್ಕಿಂತ ದೊಡ್ಡ ಸಂಖ್ಯಾಶಾಸ್ತ್ರ ಬೇಡ.

ಇಡೀ 30 ಜನರನ್ನೂ ಒಂದೇ ಹೊತ್ತಿಗೆ ಕೂರಿಸಿ, ಕಾಗದದ ಮೇಲೆ ಬರೆಸಿ, ಫೋನ್ ಹೊರಗಿರಲಿ. ಎರಡು ಬ್ಯಾಚ್ ಮಾಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಪ್ರಶ್ನೆಗಳು ವೀಚ್ಯಾಟ್‌ನಲ್ಲಿ ಇರುತ್ತವೆ. ಪರೀಕ್ಷೆ ಬರೆದು ಬಂದವರು ಪ್ರಶ್ನೆ ನೆನಪಿಟ್ಟುಕೊಂಡು ಹಂಚಿಕೊಳ್ಳುವುದು ಅಲ್ಲಿ ಹಳೆಯ ರೂಢಿ. ಅದರಿಂದಾಗಿಯೇ 2002ರಲ್ಲಿ ಜಿಆರ್‌ಇ ನಡೆಸುವ ಇಟಿಎಸ್ ಸಂಸ್ಥೆ ಚೀನಾದಲ್ಲಿ ಕಂಪ್ಯೂಟರ್ ಬಿಟ್ಟು ಮತ್ತೆ ಕಾಗದದ ಪರೀಕ್ಷೆಗೆ ಮರಳಬೇಕಾಯಿತು. ಆರು ತಿಂಗಳ ಬಳಿಕ ಮತ್ತೆ ಪರೀಕ್ಷಿಸುವ ಯೋಚನೆ ಇದ್ದರೆ ಎರಡನೇ ಪತ್ರಿಕೆಯನ್ನು ಈಗಲೇ ಬರೆದು ಎತ್ತಿಡಿ.

ಇನ್ನು ಈ ಅಂಕ ಇನ್‌ಕ್ರಿಮೆಂಟಿಗೆ ಹೋಗುತ್ತದೆಯೇ ಎಂದು ನಿಮ್ಮ ಮೇಲಿನವರನ್ನು ಮೊದಲೇ ಕೇಳಿ, ಹೋಗುವುದಿಲ್ಲ ಎಂದು ಬರೆಸಿಕೊಳ್ಳಿ, ಅದನ್ನು ಆ 30 ಜನರಿಗೂ ಚೀನೀ ಭಾಷೆಯಲ್ಲೇ ತಿಳಿಸಿ. ಹೋಗುತ್ತದೆ ಎಂದಾದರೆ ಒಬ್ಬರೂ ಗೊತ್ತಿಲ್ಲದ ಪದಕ್ಕೆ ಅಡಿಗೆರೆ ಎಳೆಯುವುದಿಲ್ಲ. ಫಲಿತಾಂಶವನ್ನು ಒಬ್ಬೊಬ್ಬರಿಗೇ ಕೊಡಿ, ಗ್ರೂಪಿನಲ್ಲಿ ಹಾಕಬೇಡಿ. ನಾಲ್ಕು ಜನರ ಮುಂದೆ ಮುಖ ಸಣ್ಣಗಾಗುವುದನ್ನು ಅಲ್ಲಿ ಯಾರೂ ಮರೆಯುವುದಿಲ್ಲ. ಇಲ್ಲಿ ಮಾತ್ರ ಮರೆಯುತ್ತೇವಾ ಅಂದರೆ, ಇಲ್ಲೂ ಮರೆಯುವುದಿಲ್ಲ.

ನಿಜವಾಗಿ ಎಡವಟ್ಟಾದ ಮೂರ್ನಾಲ್ಕು ಮೇಲ್‌ಗಳಿದ್ದರೆ ಹೆಸರು, ಬೆಲೆ ಅಳಿಸಿ ಕೆಳಗೆ ಹಾಕಿ. ಅದರಿಂದಲೇ ಪ್ರಶ್ನೆ ಹೇಗೆ ತೆಗೆಯುವುದು ಎಂದು ಬರೆದು ತೋರಿಸುತ್ತೇನೆ.